ಕೊಂಡ ಸಂಗೀತವನ್ನು ಉಳಿಸಿಕೊಂಡ ಬಗೆ

ಶಿರಸಿಯಲ್ಲಿ ಹಿಂದುಸ್ತಾನಿ ಗಾಯನ ಕಲಿಸುವ ನನಗೆ ಧ್ವನಿಮುದ್ರಣಗಳಿಲ್ಲದೆ ಪಾಠ ಸಾಗುವುದಿಲ್ಲ. ಒಂದೇ ರಾಗವನ್ನು ಬೇರೆ ಬೇರೆ ಘರಾಣೆಯವರು (ಗಾಯನ ಪರಂಪರೆಯವರು) ಹೇಗೆ ಬೆಳೆಸುತ್ತಾರೆಂಬುದನ್ನು ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ತಿಳಿಯದು, ಕೇಳಿಸಲೇಬೇಕು. ನಮ್ಮ ಮಳೆಗಾಲದಲ್ಲಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುವುದನ್ನು ನೋಡಿ ಸಾಕಾಗಿ, ವರ್ಷಗಳಿಂದ ಮೊಬೈಲ್‌ನಲ್ಲೇ ಹಣ ತೆತ್ತು ಹಾಡು, ಇ-ಪುಸ್ತಕ, ವಿಡಿಯೊ ಪಾಠಗಳನ್ನು ಕೊಳ್ಳುತ್ತಿದ್ದೆ. ಆ ಆನ್‌ಲೈನ್ ಮಳಿಗೆ ತಾನು ಬಾಗಿಲು ಮುಚ್ಚುವುದಾಗಿಯೂ ಆ ನಂತರ ಖಾತೆಗಳು ತೆರೆಯುವುದಿಲ್ಲವೆಂದೂ ಇಮೇಲ್ ಕಳುಹಿಸಿತು.

ಮೊದಲು ಹಳೆಯ ಇಮೇಲ್‌ಗಳಲ್ಲಿದ್ದ ರಸೀದಿಗಳನ್ನೆಲ್ಲ ಹೆಕ್ಕಿ ಪಟ್ಟಿ ಮಾಡಿದೆ. ಹಾಡುಗಳು ಸಾಮಾನ್ಯ ಎಂಪಿ3 ರೂಪದಲ್ಲಿದ್ದವು, ಇಳಿಸಿಕೊಂಡೆ. ಪುಸ್ತಕ ಮತ್ತು ವಿಡಿಯೊಗಳ ಕಥೆ ಬೇರೆ. ಅವುಗಳ ಮುಂದೆ ‘ಡೌನ್‌ಲೋಡ್ ಆಗಿದೆ’ ಎಂದು ಬರೆದಿದ್ದರೂ ಅವು ಆ್ಯಪ್‌ನೊಳಗೆ ಬೀಗ ಹಾಕಿಕೊಂಡೇ ಇರುತ್ತವೆ. ಆಗಾಗ ಕಂಪನಿಯ ಸರ್ವರ್ ಅನ್ನು ಸಂಪರ್ಕಿಸಿ ಅನುಮತಿ ಪಡೆದರಷ್ಟೇ ತೆರೆಯುತ್ತವೆ. ಘಟ್ಟದ ಅಂಚಿನ ಹಳ್ಳಿಗಳಿಂದ ಬರುವ ನನ್ನ ವಿದ್ಯಾರ್ಥಿಗಳಿಗೆ ಇದು ಗೊತ್ತಿತ್ತು. ಆಷಾಢದ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ಫೋನಿನಲ್ಲೇ ಇದ್ದ ಪಾಠವೂ ಅವರಿಗೆ ಸಿಗುತ್ತಿರಲಿಲ್ಲ.

ಹಾಗಾಗಿ ಒಂದು ಪರೀಕ್ಷೆ ಇಟ್ಟುಕೊಂಡೆ. ಫೈಲನ್ನು ಪೆನ್ ಡ್ರೈವ್‌ಗೆ ಹಾಕಿ, ನನ್ನ ಖಾತೆಯನ್ನು ಎಂದೂ ಕಾಣದ ಬೇರೊಬ್ಬರ ಲ್ಯಾಪ್‌ಟಾಪ್‌ನಲ್ಲಿ, ಇಂಟರ್‌ನೆಟ್ ಆರಿಸಿ ತೆರೆಯುವುದು. ತೆರೆದರೆ ಅದು ನನ್ನ ಬಳಿ ಇದೆ ಎಂದರ್ಥ. ಒಂದು ವಿಡಿಯೊ ಕೂಡ ತೆರೆಯಲಿಲ್ಲ.

ಕಣ್ಣಲ್ಲಿ ನೀರು ಬಂದದ್ದು ವಿಡಿಯೊಗಳಿಗಾಗಿ ಅಲ್ಲ, ಅವುಗಳ ಜೊತೆ ಆ್ಯಪ್‌ನಲ್ಲಿ ನಾನು ಬರೆದಿಟ್ಟಿದ್ದ ಟಿಪ್ಪಣಿಗಳಿಗಾಗಿ. ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಎಲ್ಲಿ ಶುರುವಾಗುತ್ತದೆ, ತಾನ್ ಎಂಬ ವೇಗದ ಸ್ವರಗಳ ಸಾಲನ್ನು ಮುಗಿಸಿ ತಾಳದ ಮೊದಲ ಪೆಟ್ಟಾದ ಸಮ್‌ಗೆ ಹೇಗೆ ಬರುತ್ತಾರೆ, ಯಾವ ಹುಡುಗಿಗೆ ಯಾವ ಆಲಾಪ ಕೇಳಿಸಬೇಕು ಎಂದು ನಿಮಿಷ, ಸೆಕೆಂಡು ಸಮೇತ ಗುರುತು ಹಾಕಿದ್ದೆ. ಹೊರತೆಗೆಯುವ ದಾರಿಯೇ ಇರಲಿಲ್ಲ. ಮಳಿಗೆ ಮುಚ್ಚುವ ದಿನದೊಳಗೆ ಎಲ್ಲವನ್ನೂ ನೋಟ್‌ಬುಕ್‌ಗೆ ಇಳಿಸಬೇಕಾಗಿತ್ತು. ದೊಡ್ಡ ಮಕ್ಕಳು ಸರದಿಯಂತೆ ಬಂದು ಕುಳಿತರು. ನಾನು ಓದುತ್ತಿದ್ದೆ, ಅವರು ಬರೆಯುತ್ತಿದ್ದರು. ಸ್ವರಲಿಪಿಯಲ್ಲಿ ಕೋಮಲ, ತೀವ್ರದ ಗುರುತು ತಪ್ಪದಂತೆ ಮತ್ತೆ ಕೇಳಿ ತಿದ್ದಿದೆವು. ಆ ನೋಟ್‌ಬುಕ್‌ಗಳು ಇಂದು ನನ್ನ ಅತ್ಯಂತ ಬೆಲೆಬಾಳುವ ಬೋಧನಾ ಸಾಮಗ್ರಿ.

“ಅಕ್ಕೋರೇ, ಬೀಗ ಮುರಿಯುವ ಸಾಫ್ಟ್‌ವೇರ್ ಇದೆ” ಎಂದು ಒಬ್ಬ ಹೇಳಿದ. ಬೇಡವೆಂದೆ. 2012ರ ತಿದ್ದುಪಡಿಯಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 65ಎ ಸೆಕ್ಷನ್ ಸೇರಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ನಮ್ಮ ಉದ್ದೇಶ ಅದಲ್ಲ, ನಿಜ. ಆದರೆ ಆ ಬೀಗದ ಹಿಂದೆ ಹಾಡಿದವರ ದುಡಿಮೆಯೂ ಇದೆ. ಅದೇ ವೃತ್ತಿಯವಳಾದ ನನಗೆ ಮನಸ್ಸು ಒಪ್ಪಲಿಲ್ಲ.

ಹಣ ವಾಪಸು ಕೇಳುವುದನ್ನು ಮಾತ್ರ ಬಿಡಲಿಲ್ಲ. ನಾನು ಕೊಂಡದ್ದು ಬಳಸುವ ಪರವಾನಗಿ ಮಾತ್ರವೆಂದು ಕಂಪನಿ ಉತ್ತರಿಸಿತು. ರಸೀದಿಗಳ ಪಟ್ಟಿ ಹಿಡಿದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ವಿಡಿಯೊಗಳ ಹಣದಲ್ಲಿ ಒಂದು ಭಾಗ ಬಂತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ, ಕೊಂಡ ಪುಸ್ತಕಗಳೂ ಓದುಗರಿಂದ ದೂರವಾದವು. ಆದರೆ ಅದು ಪೂರ್ತಿ ಹಣ ಮರಳಿಸಿ, ಪುಸ್ತಕಗಳಲ್ಲಿ ಟಿಪ್ಪಣಿ ಹಾಕಿಕೊಂಡಿದ್ದವರಿಗೆ ಇನ್ನೂ 25 ಡಾಲರ್ ಸೇರಿಸಿತು. ಓದುಗನ ಶ್ರಮಕ್ಕೂ ಬೆಲೆಯಿದೆ ಎಂದು ಒಪ್ಪಿದ ಆ ನಡೆ ನನಗೆ ಸರಿಯೆನಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಪರವಾನಗಿಯಷ್ಟನ್ನೇ ಮಾರುವವರು ಆ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂಬ ಪದ ಬಳಸುವಂತಿಲ್ಲ. ಇಂಟರ್‌ನೆಟ್ ಇಲ್ಲದೆಯೂ ಬಳಸುವಂತೆ ಶಾಶ್ವತವಾಗಿ ಇಳಿಸಿಕೊಳ್ಳಬಹುದಾದ ಸರಕಿಗೆ ಇದರಿಂದ ವಿನಾಯಿತಿ ಇದೆ. ನಮ್ಮಲ್ಲಿಯೂ ಅಂಥ ಕಾನೂನು ಬರಬೇಕು.

ಈಗ ಕೊಳ್ಳುವ ಮೊದಲೇ ಫೈಲ್ ಕೈಗೆ ಬರುತ್ತದೆಯೇ ಎಂದು ನೋಡುತ್ತೇನೆ. ಬ್ಯಾಂಡ್‌ಕ್ಯಾಂಪ್‌ನಂಥ ತಾಣಗಳಲ್ಲಿ ಬೀಗವಿಲ್ಲದ ಫೈಲ್ ಸಿಗುತ್ತದೆ. ಆ್ಯಪಲ್‌ನ ಐಟ್ಯೂನ್ಸ್‌ನಲ್ಲಿ ಮಾರುವ ಹಾಡುಗಳಿಗೂ 2009ರಿಂದ ಬೀಗವಿಲ್ಲ. ಉಳಿದೆಡೆ ತಿಂಗಳ ಬಾಡಿಗೆಯಷ್ಟೇ ಕೊಟ್ಟು ಕೇಳುತ್ತೇನೆ, ಪಾಠಕ್ಕೆ ಅದನ್ನು ನೆಚ್ಚುವುದಿಲ್ಲ. ಸಂಗ್ರಹದ ಒಂದು ಪ್ರತಿ ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾರ್ಡ್ ಡಿಸ್ಕ್‌ನಲ್ಲಿ ಮನೆಯಲ್ಲಿದೆ. ಇನ್ನೊಂದು ಕಾರವಾರದ ತಂಗಿಯ ಮನೆಯಲ್ಲಿ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಎರಡನ್ನೂ ತೆರೆದು ಕೇಳಿ ನೋಡುತ್ತೇವೆ. ಫೈಲಿನ ಹೆಸರಿನಲ್ಲಿ ರಾಗ, ತಾಳ, ಗಾಯಕರು, ವರ್ಷ ಇರುತ್ತವೆ, ನಾನಿಲ್ಲದಿದ್ದರೂ ಹುಡುಕಲು ಬರುವಂತೆ.

ಇ-ಪುಸ್ತಕಗಳಲ್ಲಿ ಕೆಲವು ಮುದ್ರಿತ ರೂಪದಲ್ಲಿ ಧಾರವಾಡದ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕವು. ಬಂದಿಶ್‌ಗಳ, ಅಂದರೆ ರಾಗ-ತಾಳಕ್ಕೆ ಕೂಡಿಸಿದ ರಚನೆಗಳ, ಒಂದು ಸಂಗ್ರಹವನ್ನು ಇನ್ನೂ ಹುಡುಕುತ್ತಿದ್ದೇನೆ.