ಉಸಿರಾಟದ ಸ್ನಾಯುಗಳ ಬಲವನ್ನು ಅಳೆಯುವುದು ಹೇಗೆ?

ಶ್ವಾಸಕೋಶ ತಾನಾಗಿ ಹಿಗ್ಗುವುದಿಲ್ಲ. ವಪೆ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಅದನ್ನು ಹಿಗ್ಗಿಸುತ್ತವೆ. ಮಯಸ್ತೇನಿಯಾ ಗ್ರೇವಿಸ್, ಗಿಲ್ಲನ್-ಬಾರೆ ಮುಂತಾದ, ನರ-ಸ್ನಾಯುಗಳನ್ನು ಕಾಡುವ ರೋಗಗಳಲ್ಲಿ ಶ್ವಾಸಕೋಶ ಚೆನ್ನಾಗಿದ್ದರೂ ಈ ಸ್ನಾಯುಗಳು ಸೋತು ಏದುಸಿರು ಬರಬಹುದಾದ್ದರಿಂದ, ಅವುಗಳ ಬಲವನ್ನು ಪ್ರತ್ಯೇಕವಾಗಿಯೇ ಅಳೆಯಬೇಕಾಗುತ್ತದೆ.

ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಕಣ್ಣಿನ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಈ ಪರೀಕ್ಷೆಯಲ್ಲಿ ಮಲವಿಸರ್ಜನೆಗೆ ತಿಣುಕುವಷ್ಟೇ ಬಲ ಬೀಳುತ್ತದೆ. ನೇರವಾಗಿ ಕುಳಿತು, ಮೂಗಿಗೆ ಕ್ಲಿಪ್ ಹಾಕಿಕೊಂಡು, ಒತ್ತಡ ಅಳೆಯುವ ಕೊಳವೆಯ ಮೌತ್‌ಪೀಸನ್ನು ತುಟಿಗಳಿಂದ ಬಿಗಿಯಾಗಿ ಹಿಡಿಯಬೇಕು. ಎದೆಯಲ್ಲಿನ ಗಾಳಿಯನ್ನು ಸಾಧ್ಯವಾದಷ್ಟೂ ಹೊರಹಾಕಿದ ಮೇಲೆ, ಮುಚ್ಚಿದ ಕೊಳವೆಯ ಎದುರು ಶಕ್ತಿಮೀರಿ ಉಸಿರೆಳೆದು ಸುಮಾರು ಒಂದೂವರೆ ಸೆಕೆಂಡು ಹಿಡಿಯಬೇಕು. ಹೊರದೂಡುವ ಬಲವನ್ನು ಅಳೆಯಲು ಇದಕ್ಕೆ ತದ್ವಿರುದ್ಧವಾಗಿ ಎದೆ ತುಂಬ ಗಾಳಿ ತುಂಬಿಕೊಂಡು ಊದಬೇಕು. ಆಗ ಕೆನ್ನೆಗಳು ಉಬ್ಬದಂತೆ ಅಂಗೈಗಳಿಂದ ಒತ್ತಿ ಹಿಡಿಯುವುದು ಒಳ್ಳೆಯದು.

ಕೊಳವೆಯನ್ನು ಹತ್ತಿರದಿಂದ ನೋಡಿದರೆ ಸುಮಾರು 2 ಮಿಲಿಮೀಟರ್ ಅಗಲದ ಸಣ್ಣ ರಂಧ್ರ ಕಾಣುತ್ತದೆ. ಅದು ದೋಷವಲ್ಲ. ರಂಧ್ರವಿಲ್ಲದಿದ್ದರೆ ಗಂಟಲು ಮುಚ್ಚಿಕೊಂಡು, ಎಳನೀರನ್ನು ಹೀರುವಂತೆ ಕೆನ್ನೆಗಳಿಂದಲೇ ಎಳೆದು ದೊಡ್ಡ ಅಂಕಿ ತೋರಿಸಬಹುದು. ಗಾಳಿ ಸ್ವಲ್ಪ ಸೋರುತ್ತಿದ್ದರೆ ಎದೆಯ ಬಲವಿಲ್ಲದೆ ಒತ್ತಡ ನಿಲ್ಲುವುದಿಲ್ಲ.

ಮೊದಲ ಸಲವೇ ಸರಿಯಾದ ಅಂಕಿ ಬರುವುದು ಅಪರೂಪ. ನಡುನಡುವೆ ವಿಶ್ರಾಂತಿ ಕೊಟ್ಟು, ಮೂರು ಅಳತೆಗಳು ಪರಸ್ಪರ ಶೇ 10ರೊಳಗೆ ಬರುವವರೆಗೆ ಪುನರಾವರ್ತಿಸಿ, ಅವುಗಳಲ್ಲಿ ಹೆಚ್ಚಿನದನ್ನು ಬರೆದುಕೊಳ್ಳುತ್ತಾರೆ. ಒಳಸೆಳೆತ 80 ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಮುಟ್ಟಿದರೆ ಗಂಭೀರ ದೌರ್ಬಲ್ಯವಿಲ್ಲವೆಂದು ಸಾಮಾನ್ಯವಾಗಿ ಹೇಳಬಹುದು. ಆದರೆ ಕಡಿಮೆ ಬಂದ ಮಾತ್ರಕ್ಕೆ ಸ್ನಾಯು ಸೋತಿದೆ ಎಂದು ತೀರ್ಮಾನಿಸುವುದು ದೊಡ್ಡ ತಪ್ಪು; ತುಟಿಯ ಬದಿಯಲ್ಲಿ ಗಾಳಿ ಸೋರಿರಬಹುದು, ರೋಗಿಗೆ ಸೂಚನೆಯೇ ಅರ್ಥವಾಗಿರಲಿಕ್ಕಿಲ್ಲ. ಅಂಥ ಸಂದರ್ಭದಲ್ಲಿ ಒಂದು ಹೊಳ್ಳೆಗೆ ಒತ್ತಡ ಅಳೆಯುವ ಬಿರಡೆಯಿಟ್ಟು, ಇನ್ನೊಂದರಿಂದ ಹೂವು ಮೂಸುವಂತೆ, ಆದರೆ ಬಲವಾಗಿ ಮತ್ತು ಥಟ್ಟನೆ, ಹತ್ತು ಸಲ ಮೂಸಲು ಹೇಳುವ ಪರೀಕ್ಷೆಯನ್ನೂ ಮಾಡಬೇಕು. ಮೂಸುವುದು ಎಲ್ಲರಿಗೂ ಗೊತ್ತಿರುವ ಕ್ರಿಯೆಯಾದ್ದರಿಂದ ಕಲಿಸುವ ಕಷ್ಟ ಕಡಿಮೆ.

ಬಲ ಒಂದಾದರೆ ತಾಳಿಕೆ ಇನ್ನೊಂದು. ನಿಗದಿತ ಒತ್ತಡಕ್ಕೆ ಮಾತ್ರ ತೆರೆದುಕೊಳ್ಳುವ ಸ್ಪ್ರಿಂಗ್ ಕವಾಟವನ್ನು ಗರಿಷ್ಠ ಬಲದ ಶೇ 50ರಿಂದ 60ಕ್ಕೆ ಹೊಂದಿಸಿ, ರೋಗಿ ಎಷ್ಟು ನಿಮಿಷ ಅದರ ಮೂಲಕ ಉಸಿರೆಳೆಯಬಲ್ಲರೆಂದು ನೋಡುತ್ತಾರೆ. ನಿಧಾನವಾಗಿ ಉಸಿರಾಡಿದವರಿಗೂ ಬೇಗಬೇಗನೆ ಉಸಿರಾಡಿದವರಿಗೂ ಫಲಿತಾಂಶ ಬೇರೆಯಾಗುವುದರಿಂದ, ನಿಮಿಷಗಳ ಪಕ್ಕದಲ್ಲಿ ಉಸಿರಾಟದ ವೇಗವನ್ನೂ ಬರೆದಿಟ್ಟು, ಮುಂದಿನ ಸಲ ಅದೇ ಉಪಕರಣದಲ್ಲಿ, ಅದೇ ವೇಗದಲ್ಲಿ ಮಾಡಿಸಬೇಕು.