ನಲವತ್ತು ಸ್ಲೈಡ್ ಮತ್ತು ಒಂದು ಬಾಚಣಿಗೆ

2022ರಲ್ಲಿ ಮಡಿಕೇರಿಯಲ್ಲಿ ಎರಡನೇ ವರ್ಷದ ಬಿಕಾಂ ಓದ್ತಾ ಇದ್ದೆ. ನಮ್ಮ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸರ್ ಒಂದಿನ ಕರೆದು, 'ಈ ಸಲ ಹೊಸಬರ ಓರಿಯೆಂಟೇಶನ್ ನೀನೇ ನೋಡ್ಕೋಪ್ಪ' ಅಂದರು. ಎರಡು ದಿನದ ಕಾರ್ಯಕ್ರಮ, ನೂರು ಮಕ್ಕಳು. ಖುಷಿ ಆಯಿತು ಅನ್ನೋದಕ್ಕಿಂತ ಜಂಬ ಬಂತು ಅನ್ನೋದೇ ಸರಿ. ರಾತ್ರಿ ಕೂತು ನಲವತ್ತು ಸ್ಲೈಡ್ ಮಾಡಿದೆ. ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ಕ್ಕೆ, 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್ ಶುರುವಾಗಿದ್ದು, ಬ್ಯಾಡ್ಜಿನ ಮೇಲೆ ಕೋನಾರ್ಕ್ ರಥದ ಚಕ್ರ ಇರೋದು, ಅದರ ಎಂಟು ಕಡ್ಡಿ ಅಂದ್ರೆ ದಿನದ ಇಪ್ಪತ್ನಾಲ್ಕು ಗಂಟೆ ಅನ್ನೋದು, ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ಶಿಬಿರ, ಇಷ್ಟು ಮುಗಿಸಿದರೆ ಸರ್ಟಿಫಿಕೇಟ್ ಅನ್ನೋದು, ಎಲ್ಲ ಹಾಕಿದ್ದೆ.

ಆರನೇ ಸ್ಲೈಡಿಗೆ ಕರೆಂಟ್ ಹೋಯಿತು.

ಮಡಿಕೇರಿ ಮಳೆಯಲ್ಲಿ ಇದೇನು ದೊಡ್ಡ ವಿಷಯ ಅಲ್ಲ, ಆದರೆ ನಾನು ಬೇರೆ ಏನೂ ತಯಾರಿ ಮಾಡಿರಲಿಲ್ಲ. ಅರ್ಧ ಕತ್ತಲೆಯ ಸಭಾಂಗಣ, ಬಾಗಿಲ ಹತ್ರ ನೀರು ಸುರಿಸ್ತಾ ನಿಂತ ಛತ್ರಿಗಳ ರಾಶಿ, ಒದ್ದೆ ಜರ್ಕಿನ್ ವಾಸನೆ. ಹಿಂದಿನಿಂದ ಒಬ್ಬ, 'ಅಣ್ಣ, ಇದಕ್ಕೆ ಮಾರ್ಕ್ಸ್ ಎಷ್ಟು ಸಿಗುತ್ತೆ?' ಅಂದ. ಎಲ್ಲರೂ ನಕ್ಕರು. ಏನಾದ್ರೂ ಮಾತಾಡಬೇಕಲ್ಲ ಅಂತ, ಸುಮ್ನೆ ಬಾಯಿಗೆ ಬಂದದ್ದನ್ನ ಕೇಳಿದೆ: 'ನಿಮ್ಮಲ್ಲಿ ಯಾರಿಗಾದ್ರೂ ಸ್ವಯಂಸೇವಕರು ಸಹಾಯ ಮಾಡಿದ್ದು ಉಂಟಾ?'

ಮಕ್ಕಂದೂರು ಕಡೆಯ ಹುಡುಗಿಯೊಬ್ಬಳು ಎದ್ದಳು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಅವಳು ಒಂಬತ್ತನೇ ಕ್ಲಾಸು. ಮನೆಯವರೆಲ್ಲ ಪರಿಹಾರ ಕೇಂದ್ರದಲ್ಲಿದ್ದರು. 'ಬಟ್ಟೆ ರಾಶಿ ರಾಶಿ ಬರ್ತಿತ್ತು ಅಣ್ಣ. ಹರಿದ ಪ್ಯಾಂಟು, ಒಂದೇ ಕಾಲಿನ ಶೂ. ನಮಗೊಂದು ಮೂಟೆ ಸಿಕ್ತು, ಅದರಲ್ಲಿ ಮೂರು ಕೋಟು ಇತ್ತು, ಮದುವೆ ಕೋಟು. ತುಂಬಾ ಜನ ಫೋಟೋ ತೆಗೆದ್ರು. ಒಬ್ಬರು ಅಕ್ಕ ಮಾತ್ರ ಅವ್ವನ ಪಕ್ಕ ಕೂತು, ನಿಮಗೇನು ಬೇಕು ಅಂತ ಕೇಳಿದ್ರು. ಅವ್ವ ಬಾಚಣಿಗೆ ಕೇಳಿದ್ರು. ನಾಲ್ಕು ದಿನ ಆಗಿತ್ತು, ನಮ್ಮ ಯಾರ ಹತ್ರಾನೂ ಬಾಚಣಿಗೆ ಇರಲಿಲ್ಲ.'

ಯಾರೂ ನಗಲಿಲ್ಲ. ಕರೆಂಟ್ ಬಂದಾಗ ಪ್ರೊಜೆಕ್ಟರ್ ಹಾಕಬೇಡ ಅಂತ ನಾನೇ ಅಟೆಂಡರಣ್ಣನಿಗೆ ಕೈ ಸನ್ನೆ ಮಾಡಿದೆ. ಮಧ್ಯಾಹ್ನದ ಅವಧಿಯನ್ನ ಅವಳಿಗೇ ಬಿಟ್ಟುಕೊಟ್ಟೆ. ಮೊದಲು ಒಲ್ಲೆ ಅಂದಳು, ಆಮೇಲೆ ಒಂದೂವರೆ ಗಂಟೆ ಮಾತಾಡಿದಳು. ಅವಳ ಮಾತು ಕೇಳಿ ಇನ್ನೂ ನಾಲ್ಕೈದು ಮಕ್ಕಳು ತಮ್ಮ ಕಥೆ ಹೇಳಿದರು. ನಾಯಕ ಅಂತ ನಾನು ಆ ದಿನ ಮಾಡಿದ ಒಳ್ಳೆ ಕೆಲಸ ಇದೊಂದೇ, ಅದೂ ಕರೆಂಟ್ ಹೋಗಿದ್ದಕ್ಕೆ.

ಸಂಜೆ ಗುಂಪು ಮಾಡೋ ಗಲಾಟೆ. ಹಿಂದಿನ ವರ್ಷ ಹಾಜರಿ ಪಟ್ಟಿ ಪ್ರಕಾರ ಮಾಡಿದ್ದರು, ಅರ್ಧ ಗುಂಪು ಒಂದು ಭಾನುವಾರವೂ ಸೇರಲಿಲ್ಲ. ನಾನು ಬಸ್ ರೂಟ್ ಪ್ರಕಾರ ಮಾಡಿದೆ. ನಾಪೋಕ್ಲು ಬಸ್ಸಿನವರು ಒಂದು, ಗಾಳಿಬೀಡು ಕಡೆಯವರು ಒಂದು, ಸಿದ್ದಾಪುರದವರು ಒಂದು, ಹೀಗೆ ಹತ್ತು ಗುಂಪು. ಸಿದ್ದಾಪುರದವರಿಗೆ ಕತ್ತಲಾಗೋದರೊಳಗೆ ಮನೆ ಸೇರಬೇಕು, ತೋಟದಲ್ಲಿ ಆನೆ. ಅವರನ್ನ ಐದು ಗಂಟೆ ಮೇಲೆ ಯಾವ ಕೆಲಸಕ್ಕೂ ಹಿಡ್ಕೋಬಾರದು. ಕೊಡಗಲ್ಲಿ ಎನ್‌ಎಸ್‌ಎಸ್ ನಡೆಸೋರು ಬೇರೇನು ಮರೆತರೂ ಬಸ್ ಟೈಮ್ ಮರೆಯಬಾರದು.

ಎರಡನೇ ದಿನ ಹತ್ತಿರದ ಒಂದು ಊರಿನಲ್ಲಿ ಇಂಗುಗುಂಡಿ ತೋಡೋದು ಅಂತ ಮೊದಲೇ ನಿಗದಿಯಾಗಿತ್ತು. ಗುದ್ದಲಿ, ಹಾರೆ ಎಲ್ಲ ಬಾಡಿಗೆಗೆ ತಂದಾಗಿತ್ತು. ಮಕ್ಕಳು ಮಾತ್ರ 'ಮೊದಲು ಕೇಳ್ಕೊಂಡು ಬರ್ತೇವೆ' ಅಂತ ಹಠ ಹಿಡಿದರು. ನಿಜ ಹೇಳಬೇಕಂದ್ರೆ ನನಗೆ ಸಿಟ್ಟು ಬಂತು, ಬಾಡಿಗೆ ದುಡ್ಡು ನನ್ನ ಜೇಬಿಂದ ಹೋಗಿತ್ತು. ಮೂರು ಮೂರು ಜನ ಮನೆಮನೆಗೆ ಹೋದರು. ಒಂದು ಮನೆಯ ಅಜ್ಜ ನಾವು ಸುಣ್ಣದಲ್ಲಿ ಗುರುತು ಹಾಕಿದ ಜಾಗಕ್ಕೆ ಬಂದು ನಿಂತು, ಮೇಲಿನ ಬರೆ, ಅಂದ್ರೆ ಕಡಿದಾದ ಮಣ್ಣಿನ ದಿಬ್ಬ, ನೋಡಿ, ಕೆಳಗಿನ ಮನೆ ನೋಡಿ, 'ಇಲ್ಲಿ ಗುಂಡಿ ತೋಡಿ ನೀರು ನಿಲ್ಲಿಸಿದ್ರೆ ಬರೆ ಎಲ್ಲಿ ನಿಲ್ತದೆ ಮಕ್ಳೇ? ನೀರು ಹೋಗ್ಲಿಕ್ಕೆ ದಾರಿ ಮಾಡಿ' ಅಂದರು. ಮೇಲಿನ ರಸ್ತೆಯ ಚರಂಡಿ ಮಣ್ಣು, ಎಲೆ, ಬಾಟಲಿ ತುಂಬಿ ಕಟ್ಟಿಕೊಂಡಿತ್ತು. ನೀರೆಲ್ಲ ಬರೆ ಮೇಲೇ ಇಳೀತಿತ್ತು. ಅದೇ ಗುದ್ದಲಿಯಲ್ಲಿ ಚರಂಡಿ ಬಿಡಿಸಿದೆವು. ಜಿಗಣೆ ಕಚ್ಚಿಸಿಕೊಂಡವರ ಲೆಕ್ಕ ಇಲ್ಲ. ಸುಣ್ಣದ ಡಬ್ಬಿ ತಂದಿದ್ದು ಕಾಲಿಗೆ ಹಚ್ಚಲಿಕ್ಕೆ ಉಪಯೋಗ ಆಯಿತು.

ವಾಪಸ್ ಬರುವಾಗ ಮಾರ್ಕ್ಸ್ ಕೇಳಿದ ಆ ಹುಡುಗ ಡೈರಿ ಹಿಡ್ಕೊಂಡು ಪಕ್ಕ ಬಂದ. 'ಅಣ್ಣ, ಬೆಳಿಗ್ಗೆ ಎರಡು ಗಂಟೆ ಬರೀ ಮಾತಾಡಿದ್ದಲ್ವಾ, ಅದನ್ನ ಕೆಲಸ ಅಂತ ಬರೀಬಹುದಾ?' ಸರ್ ಹತ್ರ ಕೇಳಿದೆ. ಅವರು ಸ್ವಲ್ಪ ಯೋಚಿಸಿ, 'ಬರೀಲಿ, ನಾನು ಸೈನ್ ಹಾಕ್ತೇನೆ' ಅಂದರು.

ಮರುವರ್ಷ ಓರಿಯೆಂಟೇಶನ್ ನಡೆಸಿದ್ದು ಮಕ್ಕಂದೂರಿನ ಅದೇ ಹುಡುಗಿ. ನನ್ನ ಸ್ಲೈಡ್ ಬೇಕು ಅಂದಳು, ಖುಷಿಯಿಂದ ನಲವತ್ತೂ ಕಳಿಸಿದೆ, ಜೊತೆಗೆ ಗುಂಪು ಮಾಡುವಾಗ ಬರೆದಿದ್ದ ಬಸ್ ಟೈಮಿನ ಹಾಳೆಯ ಫೋಟೋ. ಹಿಂದೆ ಹೋಗಿ ಕೂತು ನೋಡಿದೆ. ಬ್ಯಾಡ್ಜಿನ ಸ್ಲೈಡ್ ಒಂದು, 120 ಗಂಟೆಯದು ಒಂದು, ಆಮೇಲೆ ಬಸ್ ಟೈಮು. ಅಷ್ಟೇ ಇಟ್ಟುಕೊಂಡಿದ್ದಳು.