ಸೋಮವಾರದ ತೂಕ ನಂಬುವುದು ಬಿಟ್ಟ ಮೇಲೆ ಎಂಟು ಕೆಜಿ ಇಳಿದೆ

ಮೈಸೂರಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಓಡುವವರಿಗೆಲ್ಲ ಈ ಸಂಕಟ ಗೊತ್ತು. ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಮೂರು ಸಲ ಹತ್ತಿ ಇಳಿಯುತ್ತೇವೆ. ಮನೆಗೆ ಬಂದು ನೋಡಿದರೆ ಒಂದೂವರೆ ಕೆಜಿ ಕಮ್ಮಿ. ಸೋಮವಾರವೋ ಮಂಗಳವಾರವೋ ನೋಡಿದರೆ ಮೊದಲಿಗಿಂತ ಒಂದು ಕೆಜಿ ಜಾಸ್ತಿ!

ನಾನು 84 ಕೆಜಿ ಇದ್ದೆ. ಈಗ 76ರ ಆಸುಪಾಸು. ಒಂಬತ್ತು ತಿಂಗಳು ಹಿಡಿಯಿತು, ಅದರಲ್ಲಿ ಮೊದಲ ಮೂರು ತಿಂಗಳು ದಂಡ. ಸೋಮವಾರ ಮುಳ್ಳು ಮೇಲೆ ಹೋದ ಕೂಡಲೇ ರಾತ್ರಿ ಊಟ ಬಿಡುತ್ತಿದ್ದೆ. ಬುಧವಾರ ಓಡಲು ಕಾಲೇ ಏಳುತ್ತಿರಲಿಲ್ಲ. ಒಂದು ಭಾನುವಾರವಂತೂ ನಂದಿ ಹತ್ತಿರ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಆಮೇಲೆ ಅನ್ನ, ಮುದ್ದೆ ಎರಡೂ ಬಿಟ್ಟೆ. ನಾಲ್ಕೇ ದಿನಕ್ಕೆ ಎರಡು ಕೆಜಿ ಇಳಿಯಿತು. ಖುಷಿಯೋ ಖುಷಿ. ಒಂದು ಮದುವೆ ಊಟಕ್ಕೆ ಅಷ್ಟೂ ವಾಪಸ್ ಬಂತು. ಹೋಗಿದ್ದು ಕೊಬ್ಬಲ್ಲ, ಗ್ಲೈಕೋಜನ್, ಅಂದರೆ ಸ್ನಾಯು, ಲಿವರ್‌ನಲ್ಲಿ ಮೈ ಕೂಡಿಟ್ಟುಕೊಳ್ಳುವ ಸಕ್ಕರೆ. ಅದರ ಒಂದೊಂದು ಗ್ರಾಂ ಜೊತೆ ಮೂರು ಗ್ರಾಮಿನಷ್ಟು ನೀರೂ ಕೂತಿರುತ್ತದೆ.

ದುಡ್ಡೂ ಕಳೆದೆ. ಮೊಬೈಲಿಗೆ ಸೇರಿಸುವ ತೂಕದ ಯಂತ್ರಕ್ಕೆ ಮೂರೂವರೆ ಸಾವಿರ ಕೊಟ್ಟೆ. ಓಡಿ ಬಂದು ನಿಂತರೆ ಕೊಬ್ಬಿನ ಲೆಕ್ಕ ಒಂದು, ಸಂಜೆ ಇನ್ನೊಂದು. ಅದು ಮೈಯಲ್ಲಿ ಕರೆಂಟ್ ಹಾಯಿಸಿ ಅಂದಾಜು ಹಾಕುತ್ತದೆ, ನೀರು ಏರುಪೇರಾದರೆ ಅಂದಾಜೂ ಏರುಪೇರು. ಬೆವರಿಳಿಸುವ ಪ್ಲಾಸ್ಟಿಕ್ ಜಾಕೆಟ್‌ಗೆ ಸಾವಿರದಿನ್ನೂರು. ಅದನ್ನು ದಯವಿಟ್ಟು ಯಾರೂ ಹಾಕಬೇಡಿ. ಹೋಗುವುದು ಬರೀ ನೀರು, ತಲೆಗೆ ಬಿಸಿ ಹತ್ತಿದರೆ ಜೀವಕ್ಕೇ ಕುತ್ತು. ಈಗ ನನ್ನ ಹತ್ತಿರ ಇರುವುದು ಎಂಟುನೂರು ರೂಪಾಯಿಯ ಮಾಮೂಲಿ ಯಂತ್ರ.

ಕೊನೆಗೆ ಕೈ ಹಿಡಿದದ್ದು ಒಂದು ನೋಟ್‌ಬುಕ್. ಭಾನುವಾರ ಹೊರಡುವ ಮುಂಚೆ ಬರೀ ಚಡ್ಡಿಯಲ್ಲಿ ತೂಕ. ಬಂದ ಮೇಲೆ ಒದ್ದೆ ಬಟ್ಟೆ ತೆಗೆದು, ಮೈ ಒರೆಸಿಕೊಂಡು ಮತ್ತೆ ತೂಕ. ಒಂದು ದಿನದ ಲೆಕ್ಕ ಹೇಳುತ್ತೇನೆ: 79.6 ಇದ್ದದ್ದು 78.3 ಆಯಿತು, ನಡುವೆ ಅರ್ಧ ಲೀಟರ್ ಕುಡಿದಿದ್ದೆ. ಅಂದರೆ ಹೆಚ್ಚುಕಮ್ಮಿ 1.8 ಲೀಟರ್ ಬೆವರು. ಏಪ್ರಿಲ್‌ನಲ್ಲಿ ಎರಡು ದಾಟುತ್ತದೆ. ಒದ್ದೆ ಬನಿಯನ್ನನ್ನೂ ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಒಣಗಿದಾಗ 140 ಗ್ರಾಂ, ಬೆವರಲ್ಲಿ ನೆಂದಾಗ 390!

ಇಳಿದ ತೂಕದ ಒಂದೂಕಾಲರಿಂದ ಒಂದೂವರೆ ಪಟ್ಟು ನೀರನ್ನು ಮಧ್ಯಾಹ್ನದೊಳಗೆ ಸ್ವಲ್ಪ ಸ್ವಲ್ಪವೇ ಕುಡಿಯುತ್ತೇನೆ, ಉಪ್ಪು ಸೇರಿಸಿ. ಸುಮ್ನೆ ಬರೀ ನೀರನ್ನು ಗಟಗಟ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಕುಸಿಯಬಹುದು. ನನ್ನ ಪಾನಕದಲ್ಲಿ ನಿಂಬೆ, ಉಪ್ಪು, ಬೆಲ್ಲ ಇರುತ್ತವೆ. ಇನ್ನೊಂದು ಪದಾರ್ಥ ಏನು, ಅಳತೆ ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ.

ಮತ್ತೆ ಮಂಗಳವಾರ ಯಾಕೆ ಏರುತ್ತದೆ? ಗ್ಲೈಕೋಜನ್ ತುಂಬಿಕೊಳ್ಳುವುದು ಒಂದು ಕಾರಣ. ನೊಂದ ಸ್ನಾಯು ಊದಿಕೊಂಡು ನೀರು ಹಿಡಿಯುವುದು ಇನ್ನೊಂದು. ಇದನ್ನು ನೋಡಲೆಂದೇ ನಾಲ್ಕು ಭಾನುವಾರ ಒಂದೇ ಸಲ ಹತ್ತಿ, ಇಳಿಯುವಾಗ ಸಿಟಿ ಬಸ್ಸಲ್ಲಿ ಬಂದೆ. ಇನ್ನು ನಾಲ್ಕು ಭಾನುವಾರ ಮೆಟ್ಟಿಲಲ್ಲೇ ಇಳಿದೆ. ಬಸ್ಸಿನ ವಾರ ಏರಿಕೆ 300 ಗ್ರಾಂ ದಾಟಲಿಲ್ಲ. ಮೆಟ್ಟಿಲು ಇಳಿದ ವಾರ 800, 900. ತೊಡೆ ಮುಟ್ಟಿದರೆ ಕಲ್ಲು. ಇಳಿಜಾರೇ ಸ್ನಾಯುವನ್ನು ಜಾಸ್ತಿ ನೋಯಿಸುವುದು, ಅಲ್ವಾ? ಶನಿವಾರ ರಾತ್ರಿ ಬಿಸಿಬೇಳೆಬಾತ್, ಉಪ್ಪಿನಕಾಯಿ, ಹಪ್ಪಳ ಸೇರಿದರೆ ಆ ಉಪ್ಪು ಹಿಡಿಯುವ ನೀರಿನಿಂದ ಇನ್ನೂ ಅರ್ಧ ಕೆಜಿ.

ಗುಂಪಿನ ಹಿರಿಯರೊಬ್ಬರು, "ಅನ್ನ ಬಿಡ್ರೀ, ಇದೆಲ್ಲ ನೆಪ" ಎನ್ನುತ್ತಿದ್ದರು. ಅವರ ಮುಂದೆಯೇ ಲೆಕ್ಕ ಹಾಕಿ ತೋರಿಸಿದೆ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಒಂದೇ ದಿನದಲ್ಲಿ ಅಷ್ಟನ್ನು ಹೆಚ್ಚುವರಿಯಾಗಿ ತಿನ್ನಲು ಯಾರಿಂದ ಆಗುತ್ತದೆ ಸರ್? ಬೆಟ್ಟ ಮೂರು ಸಲ ಹತ್ತಿದರೂ ಕರಗುವ ಕೊಬ್ಬು ನೂರೈವತ್ತು ಗ್ರಾಂ ಇದ್ದರೆ ಹೆಚ್ಚು.

ಈಗ ಭಾನುವಾರದ್ದು ಬೆವರಿನ ಲೆಕ್ಕಕ್ಕೆ ಮಾತ್ರ. ಸೋಮವಾರ, ಮಂಗಳವಾರ ಯಂತ್ರ ಹತ್ತುವುದೇ ಇಲ್ಲ. ಶುಕ್ರವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಅದನ್ನು ಹಿಂದಿನ ಶುಕ್ರವಾರದ ಜೊತೆ ಹೋಲಿಸುತ್ತೇನೆ. ಹೋದ ವಾರ 75.9 ಬಂತು. ಆ ಹಿರಿಯರು ನೋಟ್‌ಬುಕ್ ಕೇಳಿ ಮನೆಗೆ ಒಯ್ದಿದ್ದಾರೆ, ಇನ್ನೂ ವಾಪಸ್ ಕೊಟ್ಟಿಲ್ಲ.